ಗ್ರನಾಡಾದಲ್ಲಿ ಹಳೇ ಮನೆಯ ಹೋಟೆಲ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸ್ಪೇನಿನ ಗ್ರನಾಡಾದಲ್ಲಿ ಉಳಿಯಲು ಜಾಗ ಹುಡುಕಿದರೆ ಬುಕಿಂಗ್ ಆ್ಯಪ್ ಸಾಲುಸಾಲಾಗಿ ಹೆಸರು ತೋರಿಸುತ್ತದೆ. ಎಲ್ಲ ಫೋಟೊದಲ್ಲೂ ಒಂದು ಕಮಾನು, ಒಂದಿಷ್ಟು ಬಣ್ಣದ ಟೈಲ್ಸ್, ಕಿಟಕಿಯಾಚೆ ಗುಡ್ಡದ ಮೇಲಿನ ಹಳೇ ಕೋಟೆ-ಅರಮನೆ ಅಲ್ಹಾಂಬ್ರಾ. ರೇಟಿಂಗ್ ಕೂಡ ಹೆಚ್ಚುಕಮ್ಮಿ ಒಂದೇ. ಇದರಲ್ಲಿ ನಿಜಕ್ಕೂ ಐನೂರು ವರ್ಷದ ಮನೆ ಯಾವುದು, ಹೋದ ವರ್ಷ ಬಣ್ಣ ಬಳಿದು ನಿಲ್ಲಿಸಿದ್ದು ಯಾವುದು ಅಂತ ಗೊತ್ತಾಗುವುದು ಕಷ್ಟ.

ಇಂಥ ಊರಲ್ಲಿ ಒಳ್ಳೇ ಹೋಟೆಲ್ ಆರಿಸಿದರೆ ಸಾಲದು, ಅದರೊಳಗಿನ ಕೋಣೆಯನ್ನೂ ಆರಿಸಬೇಕು. ಹೊಸ ಹೋಟೆಲಿನಲ್ಲಿ 204ಕ್ಕೂ 304ಕ್ಕೂ ಏನೂ ವ್ಯತ್ಯಾಸ ಇರುವುದಿಲ್ಲ. ಹಳೇ ಮನೆಯಲ್ಲಿ ಹಾಗಲ್ಲ. ಒಂದು ಕೋಣೆಗೆ ಕೆತ್ತನೆಯ ಮರದ ಚಾವಣಿ, ಎತ್ತರದ ಬಾಗಿಲು. ಪಕ್ಕದ ಕೋಣೆ ಹಿಂದೆ ಉಗ್ರಾಣ ಆಗಿದ್ದಿರಬಹುದು, ಕಿಟಕಿ ತೆರೆದರೆ ಎದುರಿಗೆ ಗೋಡೆ. ಬಾಡಿಗೆ ಮಾತ್ರ ಸ್ವಲ್ಪವೇ ಹೆಚ್ಚುಕಮ್ಮಿ. ಆ್ಯಪ್‌ನಲ್ಲಿ ಕಾಣುವುದು ಯಾವಾಗಲೂ ಮೊದಲನೇ ಕೋಣೆಯ ಫೋಟೊ. ಎರಡನೆಯದು ನಿಮಗೆ ಸಿಗದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಹಂತಹಂತವಾಗಿ ನೋಡೋಣ.

ಮೊದಲು ಅಲ್ಹಾಂಬ್ರಾ ಟಿಕೆಟ್, ಆಮೇಲೆ ಹೋಟೆಲ್

ಇದನ್ನು ತಲೆಕೆಳಗು ಮಾಡಬೇಡಿ. ಅಲ್ಹಾಂಬ್ರಾದ ನಸ್ರಿದ್ ಅರಮನೆಗಳಿಗೆ, ಅಂದರೆ ಗ್ರನಾಡಾ ಆಳಿದ ಮುಸ್ಲಿಂ ದೊರೆಗಳ ಅರಮನೆಗಳಿಗೆ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಟಿಕೆಟ್ ಮೇಲೆ ನಿಮ್ಮ ಹೆಸರು ಇರುತ್ತದೆ, ಅರಮನೆಯ ಒಳಗೆ ಹೋಗುವ ಗಂಟೆಯೂ ಇರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ವಸಂತದಲ್ಲೂ ಅಕ್ಟೋಬರಿನಲ್ಲೂ ಟಿಕೆಟ್ ಬಹಳ ಮುಂಚೆಯೇ ಖಾಲಿ. ಆದ್ದರಿಂದ ಅಧಿಕೃತ ವೆಬ್‌ಸೈಟಿನಲ್ಲಿ ಯಾವ ದಿನ ಟಿಕೆಟ್ ಸಿಗುತ್ತದೆ ನೋಡಿ. ಆ ದಿನದ ಹಿಂದಿನ ರಾತ್ರಿಗೆ, ಸಾಧ್ಯವಾದರೆ ಅವತ್ತಿನ ರಾತ್ರಿಗೂ ಹೋಟೆಲ್ ಹುಡುಕಿ.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ (ಸ್ಪೇನೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯ ಜತೆ ಉಳಿಯುವ ಜಾಗದ ಬುಕಿಂಗ್ ತೋರಿಸಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. ವೀಸಾ ಕೈಗೆ ಬರುವ ತನಕ ದುಡ್ಡು ವಾಪಸ್ ಬರುವಂಥ ಬುಕಿಂಗನ್ನೇ ಮಾಡಿ. ಹತ್ತು ಯೂರೊ ಉಳಿಯುತ್ತದೆ ಅಂತ ರದ್ದು ಮಾಡಲಾಗದ ದರ ಹಿಡಿಯುವುದು ಬೇಡ.

ಎಂಥ ಮನೆ ಬೇಕು ಅಂತ ಗಟ್ಟಿಮಾಡಿಕೊಳ್ಳಿ

ಊರಿನ ಚರಿತ್ರೆ ಸ್ವಲ್ಪ ಗೊತ್ತಿದ್ದರೆ ಈ ಕೆಲಸ ಸಲೀಸು. ಗ್ರನಾಡಾ ಸ್ಪೇನಿನಲ್ಲಿ ಮುಸ್ಲಿಂ ದೊರೆಗಳ ಕೈಯಲ್ಲಿದ್ದ ಕೊನೆಯ ರಾಜ್ಯ. 1492ರ ಜನವರಿ 2ರಂದು ಅದು ಕ್ರೈಸ್ತ ರಾಣಿ ಇಸಾಬೆಲ್ ಮತ್ತು ಅವಳ ಗಂಡ ರಾಜ ಫರ್ನಾಂಡೊ ಅವರಿಗೆ ಶರಣಾಯಿತು. ಮುಂದೆ ಕ್ರೈಸ್ತರಾಗಿ ಮತಾಂತರವಾದ ಮುಸ್ಲಿಮರನ್ನು ಮೊರಿಸ್ಕೊ ಅಂತ ಕರೆದರು. ಅವರು 1568ರಲ್ಲಿ ಬಂಡೆದ್ದರು. ಅದನ್ನು ಹತ್ತಿಕ್ಕಿ ಅವರನ್ನು ಊರು ಬಿಡಿಸಿದರು. ಅಲ್ಹಾಂಬ್ರಾಗೆ ಎದುರಿನ ಅಲ್ಬೈಸಿನ್ ಗುಡ್ಡದ ಎಷ್ಟೋ ಮನೆಗಳು ಪಾಳು ಬಿದ್ದವು. ಇವತ್ತು ನೀವು ಬುಕ್ ಮಾಡುವ ಹೋಟೆಲಿನ ಗೋಡೆಗಳು ಈ ಕಥೆಯ ಒಂದಲ್ಲ ಒಂದು ಘಟ್ಟಕ್ಕೆ ಸೇರಿದವು.

ಮೊದಲನೆಯದು ಮೊರಿಸ್ಕೊ ಕಾಲದ ಅಂಗಳದ ಮನೆ. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಇದರ ಲೆಕ್ಕಾಚಾರ ತಕ್ಷಣ ಹೊಳೆಯುತ್ತದೆ: ಬೀದಿಗೆ ಬೋಳು ಗೋಡೆ, ಜೀವ ಎಲ್ಲ ಒಳಗಿನ ಅಂಗಳದಲ್ಲಿ. ಈ ಅಂಗಳಕ್ಕೆ ಪಾತಿಯೊ ಅನ್ನುತ್ತಾರೆ. ನಡುವೆ ಪುಟ್ಟ ನೀರಿನ ಕೊಳ, ಮೇಲೆ ಸುತ್ತಲೂ ಮರದ ಮೊಗಸಾಲೆ. ಕೋಣೆಗಳ ಬಾಗಿಲು ಆ ಮೊಗಸಾಲೆಗೇ ತೆರೆಯುತ್ತವೆ. ಕುವೆಸ್ತಾ ದೆ ಲಾ ವಿಕ್ಟೋರಿಯಾ ಬೀದಿಯ ಕಾಸಾ ಮೊರಿಸ್ಕಾ ಹೋಟೆಲ್ 15ನೇ ಶತಮಾನದ ಕೊನೆಯ ಇಂಥದ್ದೇ ಮನೆ. ಮೇಲಿನ ಅಲ್ಬೈಸಿನ್‌ನ ಸಾಂತಾ ಇಸಾಬೆಲ್ ಲಾ ರೆಯಾಲ್ 16ನೇ ಶತಮಾನದ್ದು. ಇವುಗಳ ಸೊಗಸೂ ತೊಂದರೆಯೂ ಎರಡೂ ಅಂಗಳದಿಂದಲೇ. ಅಂಗಳಕ್ಕೆ ಮಾತ್ರ ಕಿಟಕಿ ಇರುವ ಕೋಣೆ ತಂಪಾಗಿರುತ್ತದೆ, ಬೀದಿ ಗದ್ದಲ ಕೇಳಿಸದು. ಆದರೆ ಬೆಳಕು ಕಮ್ಮಿ. ಮೊಗಸಾಲೆಯಲ್ಲಿ ಜನ ಓಡಾಡುವುದರಿಂದ ಪರದೆ ಮುಚ್ಚಿಯೇ ಇರಬೇಕು. ಬೆಳಗ್ಗೆ ಕೆಳಗೆ ತಿಂಡಿಗೆ ತಟ್ಟೆ ಜೋಡಿಸುವ ಸದ್ದು ನೇರವಾಗಿ ಮೇಲಕ್ಕೆ ಬರುತ್ತದೆ.

ಎರಡನೆಯದು ತೋಟದ ಮನೆ. ಇದಕ್ಕೆ ಅಲ್ಲಿ ಕಾರ್ಮೆನ್ ಅನ್ನುತ್ತಾರೆ. ಮೊರಿಸ್ಕೊಗಳು ಹೋದ ಮೇಲೆ ಖಾಲಿಯಾದ ಸಣ್ಣಸಣ್ಣ ನಿವೇಶನಗಳನ್ನು ಒಂದುಗೂಡಿಸಿ, ಸುತ್ತ ಎತ್ತರದ ಗೋಡೆ ಕಟ್ಟಿ, ಒಳಗೆ ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಬೆಳೆಸಿದರು. ಬೀದಿಯಿಂದ ನೋಡಿದರೆ ಬಿಳಿ ಗೋಡೆ, ಅದರ ಮೇಲೆ ಇಣುಕುವ ಸೈಪ್ರೆಸ್ ಮರ, ಅಷ್ಟೇ. ಅಲ್ಹಾಂಬ್ರಾ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ, ರೆಯಾಲೆಹೊ ಬಡಾವಣೆಯ ಮೇಲ್ಗಡೆ, ಕಾರ್ಮೆನ್ ದೆ ಲಾ ಅಲ್ಕುಬಿಯಾ ದೆಲ್ ಕರಾಕೊಲ್ ಅನ್ನುವ ಪುಟ್ಟ ಹೋಟೆಲ್ ಇದೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟದ ನಡುವೆ. ಗ್ರನಾಡಾದ ಆತ್ಮ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ನಾನು ಈ ಗೋಡೆಯೊಳಗಿನ ತೋಟಗಳ ಕಡೆಗೇ ಕೈ ತೋರಿಸುತ್ತೇನೆ. ಮಧ್ಯಾಹ್ನ ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿಕೊಂಡಾಗ ಕೂರಲು ನೆರಳು, ನೀರಿನ ಸದ್ದು ಇದ್ದರೆ ಬೇರೇನು ಬೇಕು? ಎರಡು ದಿನಕ್ಕಿಂತ ಜಾಸ್ತಿ ಇರುವವರು ಇದನ್ನೇ ಮೊದಲು ಹುಡುಕಿ.

ಮೂರನೆಯದು ಹಳೇ ಮಠ. ಅಲ್ಹಾಂಬ್ರಾದ ಒಳಗೇ ಇರುವ ಪಾರದೋರ್ ದೆ ಗ್ರನಾಡಾ ಮೊದಲು ನಸ್ರಿದ್ ಅರಮನೆಯಾಗಿತ್ತು, ಆಮೇಲೆ ಸಾನ್ ಫ್ರಾನ್ಸಿಸ್ಕೊ ಮಠವಾಯಿತು. ರಾಣಿ ಇಸಾಬೆಲ್ 1504ರಲ್ಲಿ ತೀರಿಕೊಂಡಾಗ ಮೊದಲು ಸಮಾಧಿ ಮಾಡಿದ್ದು ಇಲ್ಲೇ. 1521ರಲ್ಲಿ ಅವಳ ದೇಹವನ್ನು ಊರೊಳಗಿನ ರಾಜಮನೆತನದ ಪ್ರಾರ್ಥನಾ ಮಂದಿರಕ್ಕೆ ಸಾಗಿಸಿದರು. ಪಾರದೋರ್ ಅಂದರೆ ಸ್ಪೇನ್ ಸರ್ಕಾರದ ಹೋಟೆಲ್ ಸಂಸ್ಥೆ, 1928ರಿಂದ ಇದೆ. ಕೋಟೆ, ಮಠ, ಅರಮನೆಗಳನ್ನು ಹಾಳಾಗಲು ಬಿಡದೆ ಹೋಟೆಲ್ ಮಾಡಿ ಉಳಿಸಿಕೊಂಡಿದೆ. ಗ್ರನಾಡಾದ್ದು ಅದರಲ್ಲಿ ಅತಿ ಬೇಡಿಕೆಯದು. ತಿಂಗಳುಗಟ್ಟಲೆ ಮುಂಚೆ ತುಂಬುತ್ತದೆ, ಬಾಡಿಗೆಯೂ ಜಾಸ್ತಿ. ಪ್ರವಾಸಿಗಳೆಲ್ಲ ಹೋದ ಮೇಲೆ ಆ ಗುಡ್ಡದ ಮೇಲೆ ನಡೆಯುವ ಸುಖಕ್ಕೆ ಆ ದುಡ್ಡು ಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ. ಒಂದು ಮಾತು ನೆನಪಿರಲಿ: ಕಟ್ಟಡದ ಒಂದು ಭಾಗ ಹಳೆಯದು, ಇನ್ನೊಂದು ಭಾಗ ಹೊಸದಾಗಿ ಸೇರಿಸಿದ್ದು. ಹಳೇ ಭಾಗದಲ್ಲೇ ಕೋಣೆ ಬೇಕು ಅಂತ ಕೇಳಿಕೊಳ್ಳಿ. ರಾತ್ರಿ ಊಟಕ್ಕೆ ಊರೊಳಗೆ ಹೋಗಬೇಕೆಂದರೆ ಗುಡ್ಡ ಇಳಿದು ಮತ್ತೆ ಹತ್ತಬೇಕು ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಾಲ್ಕನೆಯದು ಅಲ್ಬೈಸಿನ್ ಪಕ್ಕದ ಸಕ್ರೊಮೊಂಟೆಯ ಗುಹೆ ಮನೆಗಳು. ಗುಡ್ಡವನ್ನೇ ಕೊರೆದು ಸುಣ್ಣ ಬಳಿದ ಮನೆ. ರೋಮಾ (ಜಿಪ್ಸಿ) ಕುಟುಂಬಗಳು ತಲೆತಲಾಂತರದಿಂದ ಬದುಕಿದ ಜಾಗ, ಫ್ಲಮೆಂಕೊ ಹಾಡು ಕುಣಿತ ಇಲ್ಲಿ ಮನೆಮನೆಯಲ್ಲಿ ಬೆಳೆಯಿತು. ಗುಹೆಯೊಳಗೆ ವರ್ಷಪೂರ್ತಿ ಸುಮಾರು 18ರಿಂದ 20 ಡಿಗ್ರಿ ಇರುತ್ತದೆ, ಜುಲೈನಲ್ಲಿ ಇದಕ್ಕಿಂತ ಹಿತ ಇನ್ನೊಂದಿಲ್ಲ. ಆದರೆ ಕಿಟಕಿ ಇರುವುದು ಮುಂದಿನ ಕೋಣೆಗೆ ಮಾತ್ರ. ಉಬ್ಬಸ ಇರುವವರು, ಮುಚ್ಚಿದ ಜಾಗದಲ್ಲಿ ಉಸಿರುಗಟ್ಟುವವರು ಇದನ್ನು ಬಿಟ್ಟುಬಿಡಿ.

ಇನ್ನು 19, 20ನೇ ಶತಮಾನದ ಕಟ್ಟಡಗಳೂ ಇವೆ. 1895ರಲ್ಲಿ ಹಳೇ ಪೇಟೆಯನ್ನು ಕೆಡವಿ ಗ್ರಾನ್ ವಿಯಾ ರಸ್ತೆ ಮಾಡಲು ಶುರು ಮಾಡಿದರು. ಅದರ ಇಕ್ಕೆಲದಲ್ಲಿ ಎತ್ತರದ ಬಾಲ್ಕನಿಯ ಮಹಲುಗಳು ಬಂದವು. ಗುಡ್ಡದ ಅಂಚಿನ ಕೆಂಪು ಬಣ್ಣದ ಅಲ್ಹಾಂಬ್ರಾ ಪ್ಯಾಲೇಸ್ ಹೋಟೆಲ್ 1910ರದು, ಮೂರಿಷ್ ಶೈಲಿಯ, ಅಂದರೆ ಹಳೇ ಮುಸ್ಲಿಂ ಕಾಲದ ಕಟ್ಟಡಗಳ ಅನುಕರಣೆ. ಅನುಕರಣೆ ಅಂತ ಮೂಗು ಮುರಿಯುವುದು ಬೇಡ, ಅದಕ್ಕೂ ಈಗ ನೂರು ವರ್ಷ ದಾಟಿದೆ. ಲಿಫ್ಟ್ ಬೇಕು, ಬಾಗಿಲ ತನಕ ಟ್ಯಾಕ್ಸಿ ಬರಬೇಕು ಅನ್ನುವ ಹಿರಿಯರ ಜತೆ ಹೋಗುವವರಿಗೆ ಇಂಥ ಕಟ್ಟಡಗಳೇ ಸರಿ.

ಬೀದಿ ನೋಡದೆ ಬುಕ್ ಮಾಡಬೇಡಿ

ಗ್ರನಾಡಾದಲ್ಲಿ ದೂರವನ್ನು ಮೀಟರಿನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಮ್ಯಾಪಿನಲ್ಲಿ 400 ಮೀಟರ್ ಅಂತ ಕಾಣುವುದು ಅಲ್ಬೈಸಿನ್‌ನಲ್ಲಿ ಮೆಟ್ಟಿಲು, ತಿರುವು, ಮತ್ತೆ ಮೆಟ್ಟಿಲು. ನೆಲಕ್ಕೆ ಹಾಸಿರುವುದು ನದಿಯ ಗುಂಡುಕಲ್ಲು. ನೋಡಲು ಬಲು ಚೆಂದ. ಚಕ್ರದ ಸೂಟ್‌ಕೇಸ್ ಎಳೆದರೆ ಇಡೀ ಬೀದಿಗೆ ಕೇಳುತ್ತದೆ, ಚಕ್ರವೂ ಕಿತ್ತು ಬರಬಹುದು. ಎಷ್ಟೋ ಓಣಿಗಳಿಗೆ ಟ್ಯಾಕ್ಸಿ ಬರುವುದಿಲ್ಲ.

ಆದ್ದರಿಂದ ಹೋಟೆಲಿನ ವಿಳಾಸವನ್ನು ಮ್ಯಾಪಿನ ಸ್ಟ್ರೀಟ್ ವ್ಯೂನಲ್ಲಿ ಹಾಕಿ, ಹತ್ತಿರದ ಕಾರು ಹೋಗುವ ರಸ್ತೆಯಿಂದ ಬಾಗಿಲ ತನಕ ಒಂದೊಂದೇ ಹೆಜ್ಜೆ ಮುಂದೆ ಹೋಗಿ ನೋಡಿ. ಸ್ಟ್ರೀಟ್ ವ್ಯೂ ನಡುವೆಯೇ ನಿಂತುಹೋದರೆ ಅಲ್ಲಿಂದ ಮುಂದೆ ಮೆಟ್ಟಿಲು ಇರುವ ಸಾಧ್ಯತೆ ಜಾಸ್ತಿ.

ಬಡಾವಣೆಗಳ ಸ್ವಭಾವ ಹೀಗೆ. ಕರ್ರೇರಾ ದೆಲ್ ದಾರ್ರೊ, ಅಂದರೆ ದಾರ್ರೊ ಹೊಳೆಯ ಪಕ್ಕದ ಬೀದಿ, ಊರಿನ ಅತಿ ಸುಂದರ ರಸ್ತೆ. ಒಂದು ಬದಿ ಹೊಳೆ, ತಲೆಯೆತ್ತಿದರೆ ಅಲ್ಹಾಂಬ್ರಾ ಗೋಡೆ. ಹಳೇ ಮನೆಯ ಹೋಟೆಲುಗಳು ಇಲ್ಲಿ ಜಾಸ್ತಿ. ಆದರೆ ರಸ್ತೆ ಎಷ್ಟು ಕಿರಿದು ಅಂದರೆ ಮಿನಿಬಸ್ ಬಂದಾಗ ನಡೆಯುವವರು ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಾರೆ. ಬೀದಿ ಕಡೆಯ ಕೆಳಗಿನ ಕೋಣೆಯಲ್ಲಿ ಮಲಗಿದರೆ ಆ ಬಸ್ಸು, ಜನರ ಮಾತು, ಎಲ್ಲ ತಲೆದಿಂಬಿನ ಪಕ್ಕದಲ್ಲೇ. ಇಲ್ಲಿ ಎರಡನೇ ಮಹಡಿ ಅಥವಾ ಒಳಗಿನ ಕೋಣೆ ಕೇಳಿ.

ಮೇಲಿನ ಅಲ್ಬೈಸಿನ್ ಶಾಂತ. ಆದರೆ ಸಾನ್ ನಿಕೊಲಾಸ್ ವ್ಯೂ ಪಾಯಿಂಟಿನ ಪಕ್ಕದಲ್ಲಿ ಮಾತ್ರ ಸಂಜೆ ಜಾತ್ರೆ, ಗಿಟಾರು, ಚಪ್ಪಾಳೆ. ಅದರಿಂದ ಎರಡು ಓಣಿ ಆಚೆ ಹೋದರೆ ಸಾಕು. ಊರೊಳಗಿನ ಪ್ಲಾಸಾ ನುವೇವಾ ಚೌಕದಿಂದ ಸಿ31 ಮಿನಿಬಸ್ ಮೇಲಕ್ಕೆ ಹೋಗುತ್ತದೆ, ಸಕ್ರೊಮೊಂಟೆಗೆ ಸಿ34. ಅಲ್ಹಾಂಬ್ರಾಗೆ ಸಿ30, ಅಲ್ಬೈಸಿನ್‌ನಿಂದ ನೇರ ಅಲ್ಹಾಂಬ್ರಾಗೆ ಸಿ32. ಹೋಟೆಲು ಈ ಬಸ್ಸುಗಳ ಸ್ಟಾಪಿನಿಂದ ಎಷ್ಟು ಮೆಟ್ಟಿಲು ಅನ್ನುವುದೇ ನಿಮ್ಮ ನಿಜವಾದ ದೂರ.

ಕಾಯೆ ಎಲ್ವಿರಾ, ಕಾಯೆ ನವಾಸ್ ಎರಡೂ ಬಾರ್ ಬೀದಿಗಳು. ಗ್ರನಾಡಾದಲ್ಲಿ ಒಂದು ಪಾನೀಯ ತಗೊಂಡರೆ ಜತೆಗೆ ತಿನ್ನಲು ಒಂದು ತಟ್ಟೆ ತಾಪಾಸ್ ಪುಕ್ಕಟೆ ಕೊಡುವುದು ರೂಢಿ, ಹಾಗಾಗಿ ಅಲ್ಲಿ ನಡುರಾತ್ರಿಯವರೆಗೂ ಜನ. ತಿನ್ನಲು ಹೋಗಿ, ಮಲಗಲು ಬೇಡ. ಹಳೇ ಯಹೂದಿ ಕೇರಿಯಾಗಿದ್ದ ರೆಯಾಲೆಹೊ ಶಾಂತ ಗುಡ್ಡಕ್ಕೂ ಈ ಬಾರ್ ಬೀದಿಗಳಿಗೂ ನಡುವಿನ ಹದ: ಊರಿಗೆ ಹತ್ತಿರ, ಊರಿನವರೂ ವಾಸ ಇರುವ ಜಾಗ. ಅದರೊಳಗಿನ ಕಾಂಪೊ ದೆಲ್ ಪ್ರಿನ್ಸಿಪೆ ಚೌಕಕ್ಕೇ ತೆರೆಯುವ ಕೋಣೆಯಾದರೆ ಮಾತ್ರ ಬುಕ್ ಮಾಡುವ ಮೊದಲು ಎರಡು ಸಲ ಯೋಚಿಸಿ.

ಬಾಡಿಗೆ ಕಾರಿನಲ್ಲಿ ಬರುವವರಿಗೆ ಒಂದು ಎಚ್ಚರಿಕೆ. ಹಳೇ ಊರಿಗೆ ಕಾರು ನುಗ್ಗುವುದನ್ನು ಕ್ಯಾಮರಾ ಇಟ್ಟು ತಡೆದಿದ್ದಾರೆ. ಹೋಟೆಲಿನವರು ನಿಮ್ಮ ನಂಬರ್ ಪ್ಲೇಟ್ ಮೊದಲೇ ನೋಂದಾಯಿಸದಿದ್ದರೆ ದಂಡ ಬೀಳುತ್ತದೆ.

ಹೋಟೆಲಿನ ಪುಟವನ್ನು ಹೀಗೆ ಓದಿ

ನಕ್ಷತ್ರ ನೋಡಿ ಮರುಳಾಗಬೇಡಿ. ಸ್ಪೇನಿನಲ್ಲಿ ನಕ್ಷತ್ರ ಕೊಡುವುದು ಆಯಾ ಪ್ರಾಂತ್ಯದ ಸರ್ಕಾರ, ಅದು ನೋಡುವುದು ಲಿಫ್ಟ್, ಕೋಣೆಯ ಅಳತೆ, ಸೌಕರ್ಯಗಳನ್ನು. ಐನೂರು ವರ್ಷದ ಚಾವಣಿಗೆ ಅಲ್ಲಿ ಅಂಕ ಇಲ್ಲ. ಮೂರು ನಕ್ಷತ್ರದ ಅಂಗಳದ ಮನೆ ಐದು ನಕ್ಷತ್ರದ್ದಕ್ಕಿಂತ ಎಷ್ಟೋ ಪಾಲು ಮನಸ್ಸಿಗೆ ಹಿಡಿಸಬಹುದು.

ಹಳೇದು ಹೌದೋ ಅಲ್ಲವೋ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ಹೋಟೆಲಿನ ಹೆಂಚಿನ ಮಾಡು ನೋಡಿ. ನಿಜವಾದ ಅಂಗಳದ ಮನೆಯಾದರೆ ಮಾಡಿನ ನಡುವೆ ಚೌಕಾಕಾರದ ಬಾಯಿ ಕಾಣುತ್ತದೆ, ಇಲ್ಲವೇ ಅದರ ಮೇಲೆ ಹಾಕಿದ ಗಾಜು. ಆಮೇಲೆ ಫೋಟೊದಲ್ಲಿ ಅಂಗಳದ ಕಂಬದ ತುದಿ ಗಮನಿಸಿ. ಕಂಬಕ್ಕೂ ತೊಲೆಗೂ ನಡುವೆ ಕೆತ್ತಿದ ಮರದ ಬೋದಿಗೆ ಇದೆಯಾ? ಮರ ಕಪ್ಪಾಗಿ, ಬಿರುಕು ಬಿಟ್ಟು, ಒಂದೊಂದು ತೊಲೆ ಒಂದೊಂದು ಥರ ಇದೆಯಾ? ಹಾಗಿದ್ದರೆ ಒಳ್ಳೇ ಲಕ್ಷಣ. ಎಲ್ಲ ತೊಲೆಯೂ ಒಂದೇ ಅಳತೆ, ಒಂದೇ ಹೊಳಪು ಅಂದರೆ ಹೊಸದು. ಬಾಗಿಲುಗಳ ಎತ್ತರ ಬೇರೆಬೇರೆ ಇರುವುದು, ನೆಲ ಅಲ್ಲಲ್ಲಿ ಸ್ವಲ್ಪ ತಗ್ಗಿರುವುದು, ಇವೂ ಹಳೇ ಮನೆಯ ಗುರುತುಗಳೇ.

ಅಲ್ಹಾಂಬ್ರಾ ಕಾಣುತ್ತದೆ ಅನ್ನುವ ಮಾತನ್ನೂ ಪರೀಕ್ಷಿಸಿ. ದೊಡ್ಡ ಚೌಕ ಕೊಮಾರೆಸ್ ಗೋಪುರ ಫೋಟೊದ ನಡುವೆ ಇದ್ದರೆ ಅದು ಅಲ್ಬೈಸಿನ್ ಅಥವಾ ಸಕ್ರೊಮೊಂಟೆ ಕಡೆಯ ನೋಟ. ರೆಯಾಲೆಹೊ ಗುಡ್ಡದ ಇನ್ನೊಂದು ಮಗ್ಗುಲಲ್ಲಿದೆ, ಅಲ್ಲಿಂದ ನಸ್ರಿದ್ ಅರಮನೆಗಳು ಕಾಣುವುದಿಲ್ಲ. ನೋಟ ಇರುವುದು ಕೋಣೆಯಿಂದಲೋ ಎಲ್ಲರೂ ಬಳಸುವ ತಾರಸಿಯಿಂದಲೋ ಅಂತ ಓದಿ. ತಾರಸಿಯಲ್ಲೇ ಒಳ್ಳೇ ನೋಟ ಇದ್ದರೆ ಕೋಣೆಗೆ ಜಾಸ್ತಿ ಕೊಡುವ ಅಗತ್ಯ ಇಲ್ಲ. ಆದರೆ ರಾತ್ರಿ ದೀಪ ಹಾಕಿದ ಆ ಕೋಟೆಯನ್ನು ಹಾಸಿಗೆಯಿಂದಲೇ ನೋಡುವ ಆಸೆ ನಿಮಗಿದ್ದರೆ ಒಂದು ರಾತ್ರಿಗಾದರೂ ಕೊಡಿ, ಬೇರೆ ಖರ್ಚಿನಲ್ಲಿ ಉಳಿಸಬಹುದು.

ಕೋಣೆಯ ಹೆಸರಲ್ಲೇ ಸುಳಿವು ಇರುತ್ತದೆ. ಇಂಟೀರಿಯರ್ ಅಂದರೆ ಕಿಟಕಿ ಅಂಗಳಕ್ಕೋ ಗಾಳಿಗಿಂಡಿಗೋ ತೆರೆಯುತ್ತದೆ, ಎಕ್ಸ್‌ಟೀರಿಯರ್ ಅಂದರೆ ಬೀದಿಗೆ. ಅಬುಆರ್ದಿಯಾದಾ ಅಂತಿದ್ದರೆ ಅದು ಮಾಡಿನ ಕೆಳಗಿನ ಅಟ್ಟದ ಕೋಣೆ: ಚಾವಣಿ ಓರೆ, ಎತ್ತರದವರಿಗೆ ತಲೆ ತಾಗುತ್ತದೆ, ಬೇಸಿಗೆಯಲ್ಲಿ ಬಿಸಿ.

ವಿಮರ್ಶೆಗಳನ್ನು ಎಲ್ಲ ಓದಲು ಹೋಗಬೇಡಿ. ಸ್ಪ್ಯಾನಿಷ್‌ನಲ್ಲಿ ಬರೆದವನ್ನು ಹುಡುಕಿ, ಅವರು ಬೇಗ ಮೆಚ್ಚುವುದಿಲ್ಲ. ರುಯಿದೊ ಅಂದರೆ ಗದ್ದಲ, ಉಮೆದಾದ್ ಅಂದರೆ ತೇವ, ಎಸ್ಕಲೇರಾಸ್ ಅಂದರೆ ಮೆಟ್ಟಿಲು, ಕಂಪಾನಾಸ್ ಅಂದರೆ ಚರ್ಚಿನ ಗಂಟೆ. ಈ ನಾಲ್ಕನ್ನು ಹುಡುಕಿದರೆ ಮುಖ್ಯವಾದದ್ದೆಲ್ಲ ಸಿಕ್ಕಿಬಿಡುತ್ತದೆ. ಒಬ್ಬರು ತೇವದ ವಾಸನೆ ಅಂದರೆ ಬಿಡಬಹುದು, ಬೇರೆಬೇರೆ ತಿಂಗಳಲ್ಲಿ ಮೂವರು ಅಂದರೆ ನಂಬಿ.

ಯಾವ ಕಾಲದಲ್ಲಿ ಹೋಗುತ್ತೀರಿ ಅನ್ನುವುದೂ ಮುಖ್ಯ

ಗ್ರನಾಡಾ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಬೆನ್ನಿಗೆ ಸಿಯೆರಾ ನೆವಾದಾದ ಹಿಮದ ಬೆಟ್ಟ. ಜನವರಿ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ. ದಪ್ಪ ಗೋಡೆಯ ಹಳೇ ಮನೆ ಒಮ್ಮೆ ತಣ್ಣಗಾದರೆ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ. ಚಳಿಗಾಲದಲ್ಲಿ ಹೋಗುವವರು ಹೀಟಿಂಗ್ ಕೋಣೆಯಲ್ಲೇ ಹತೋಟಿ ಮಾಡಬಹುದಾ ಅಂತ ಕೇಳಲೇಬೇಕು. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುವುದು ಮಾಮೂಲಿ. ಆಗ ಕೆಳಗಿನ ಅಂತಸ್ತಿನ ಅಂಗಳದ ಕೋಣೆ ಸುಖ, ಅಟ್ಟದ್ದು ಬೇಡ.

ಈಸ್ಟರ್ ಹಿಂದಿನ ವಾರ, ಸೆಮಾನಾ ಸಾಂತಾ, ದೊಡ್ಡ ದೊಡ್ಡ ಮೆರವಣಿಗೆಗಳ ಕಾಲ. ಭಕ್ತಿಯಿಂದ ನೋಡಬೇಕಾದ ಹಬ್ಬ. ಬಾಡಿಗೆ ಏರುತ್ತದೆ, ಬೀದಿಗಳು ಗಂಟೆಗಟ್ಟಲೆ ಬಂದ್ ಆಗುತ್ತವೆ. ಆ ವಾರ ಹೋಗುವುದಾದರೆ ಮೆರವಣಿಗೆಯ ದಾರಿ ಕೇಳಿ, ಆ ದಾರಿಗೆ ಬಾಲ್ಕನಿ ಇರುವ ಕೋಣೆಯನ್ನೇ ಹಿಡಿಯಿರಿ, ಇಲ್ಲವೇ ಪೂರ್ತಿ ದೂರ ಇರಿ.

ಹೋಟೆಲಿಗೆ ಒಂದು ಇಮೇಲ್ ಬರೆಯಿರಿ

ಇಷ್ಟು ಮಾಡಿದರೆ ಮೂರು ನಾಲ್ಕು ಹೆಸರು ಉಳಿಯುತ್ತವೆ. ಈಗ ಆ್ಯಪ್ ಬಿಟ್ಟು ನೇರವಾಗಿ ಬರೆಯಿರಿ. ಹತ್ತಿಪ್ಪತ್ತು ಕೋಣೆಯ ಹೋಟೆಲುಗಳಲ್ಲಿ ಉತ್ತರ ಬರೆಯುವವರಿಗೆ ಪ್ರತಿ ಕೋಣೆಯೂ ಪರಿಚಯ. ಇಂಗ್ಲಿಷಿನಲ್ಲಿ ಬರೆದರೆ ಸಾಕು, ಸುತ್ತಿಬಳಸದೆ ಕೇಳಿ:

- ನಮ್ಮ ತಾರೀಖಿಗೆ ಯಾವ ನಂಬರಿನ ಕೋಣೆ ಕೊಡುತ್ತೀರಿ? ಅದು ಮನೆಯ ಹಳೇ ಭಾಗದಲ್ಲಿದೆಯಾ? ಅದೇ ಕೋಣೆಯ ಫೋಟೊ ಕಳಿಸಬಹುದಾ?
- ಕಿಟಕಿ ತೆರೆದರೆ ಏನು ಕಾಣುತ್ತದೆ?
- ಟ್ಯಾಕ್ಸಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಒಳಗೆ ಕೋಣೆಗೆ ಎಷ್ಟು? ಲಗೇಜ್ ಹೊರಲು ಯಾರಾದರೂ ಇರುತ್ತಾರಾ?
- ರಾತ್ರಿ ಹತ್ತರ ಮೇಲೆ ಬಂದರೆ ಬಾಗಿಲು ತೆಗೆಯುವವರು ಇರುತ್ತಾರಾ?

ಉತ್ತರ ಬಂದ ರೀತಿಯಲ್ಲೇ ಅರ್ಧ ತೀರ್ಮಾನ ಆಗುತ್ತದೆ. ಕೋಣೆ ನಂಬರ್ ಹೇಳಿ, ಇದು ಸ್ವಲ್ಪ ಕತ್ತಲೆ, ಬೇಕಾದರೆ ಇನ್ನೊಂದು ಇದೆ ಅಂತ ಬರೆದವರನ್ನು ನಂಬಬಹುದು. ನಮ್ಮ ಎಲ್ಲ ಕೋಣೆಯೂ ಚೆನ್ನಾಗಿವೆ ಅಂತ ಒಂದೇ ಸಾಲು ಬಂದರೆ ಪಟ್ಟಿಯಲ್ಲಿ ಮುಂದಿನದಕ್ಕೆ ಹೋಗಿ. ನೇರ ಬುಕಿಂಗಿನ ದರವನ್ನೂ ಕೇಳಿ ನೋಡಿ, ಎಷ್ಟೋ ಸಲ ಆ್ಯಪ್‌ಗಿಂತ ಕಮ್ಮಿ ಇರುತ್ತದೆ ಅಥವಾ ತಿಂಡಿ ಸೇರಿಸುತ್ತಾರೆ.

ತಿಂಡಿಗೆ ಬೇರೆ ದುಡ್ಡು ಕೊಡಬೇಕೆಂದರೆ ನಾನಂತೂ ಬೇಡ ಅನ್ನುತ್ತೇನೆ. ಪಕ್ಕದ ಕೆಫೆಯಲ್ಲಿ ಸುಟ್ಟ ಬ್ರೆಡ್ಡಿನ ಮೇಲೆ ಹಿಚುಕಿದ ಟೊಮೆಟೊ, ಆಲಿವ್ ಎಣ್ಣೆ, ಜತೆಗೆ ಕಾಫಿ, ಕೆಲವೇ ಯೂರೊಗೆ ಮುಗಿಯುತ್ತದೆ. ಸಸ್ಯಾಹಾರಿಗಳು ಸಿನ್ ಹಾಮೊನ್ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಮೇಲೆ ಹಂದಿಮಾಂಸ ಬಂದುಬಿಡಬಹುದು. ರಾತ್ರಿ ಊಟ ಅಲ್ಲಿ ಎಂಟೂವರೆಯ ಮೇಲೆಯೇ. ಸಣ್ಣ ಮಕ್ಕಳಿದ್ದರೆ, ಅನ್ನ ಸಾರು ಇಲ್ಲದೆ ಆಗದವರು ಜತೆಗಿದ್ದರೆ, ಹಳೇ ಮನೆಯಲ್ಲೇ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ನೋಡಿ. ಅದರ ಪುಟದಲ್ಲಿ ಗ್ರನಾಡಾ ಸೇರಿರುವ ಆಂಡಲೂಸಿಯಾ ಪ್ರಾಂತ್ಯದ ಸರ್ಕಾರದ ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಬುಕ್ ಮಾಡಬೇಡಿ.

ಹೋಗಿ ತಲುಪಿದ ಮೇಲೆ

ಚೆಕ್ ಇನ್ ಮಾಡುವಾಗ ಪಾಸ್‌ಪೋರ್ಟ್ ವಿವರ ಬರೆದುಕೊಳ್ಳುತ್ತಾರೆ, ಅದು ಅಲ್ಲಿನ ಕಾನೂನು. ಬ್ಯಾಗ್ ಬಿಚ್ಚುವ ಮೊದಲು ಕೋಣೆ ಪರೀಕ್ಷಿಸಿ. ಕಿಟಕಿ ತೆರೆದು ಮುಚ್ಚಿ ನೋಡಿ. ಎರಡು ನಿಮಿಷ ಮಾತಾಡದೆ ನಿಂತು ಫ್ರಿಜ್ಜಿನ ಮೋಟಾರು, ಪೈಪು, ಬಾರ್ ಏನಾದರೂ ಕೇಳುತ್ತದಾ ಗಮನಿಸಿ. ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು ನೋಡಿ, ಹಾಸಿಗೆ ಹಿಂದಿನ ಗೋಡೆಗೆ ಕೈ ಇಟ್ಟು ತೇವ ಇದೆಯಾ ನೋಡಿ. ಪ್ಲಗ್ ಪಾಯಿಂಟಿಗೆ ನಮ್ಮ ಎರಡು ಪಿನ್ನಿನ ಚಾರ್ಜರ್ ಹೋಗುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಇಮೇಲಿನಲ್ಲಿ ಹೇಳಿದ ಕೋಣೆ ಇದಲ್ಲ ಅನ್ನಿಸಿದರೆ ಆಗಲೇ ಕೆಳಗೆ ಹೋಗಿ ಆ ಇಮೇಲ್ ತೋರಿಸಿ, ಬದಲಿಸಲು ಕೇಳಿ. ಸಂಜೆ ಆರರೊಳಗೆ ಕೇಳಿದರೆ ಇನ್ನೊಂದು ಕೋಣೆ ಸಿಗುವ ಸಾಧ್ಯತೆ ಇರುತ್ತದೆ. ರಾತ್ರಿ ಹತ್ತಕ್ಕೆ ಕೇಳಿದರೆ ಎಲ್ಲ ಕೋಣೆಯಲ್ಲೂ ಜನ ಮಲಗಿರುತ್ತಾರೆ. ಹಾಗಾಗಿ ಮ್ಯಾಡ್ರಿಡ್‌ನಿಂದ ಬರುವ ರೈಲನ್ನು ಮಧ್ಯಾಹ್ನ ತಲುಪುವ ಹಾಗೆ ನೋಡಿಕೊಂಡು ಬುಕ್ ಮಾಡಿ.